ಕರುಳಿನ ಡಾಪ್ಲರ್: ಬಣ್ಣ ಕಾಣದಿದ್ದರೆ ಮೊದಲು ಕೈ ನೋಡಿಕೊಳ್ಳಿ

ಕ್ರೋನ್ಸ್ ಕಾಯಿಲೆಯ (ಕರುಳಿನ ದೀರ್ಘಕಾಲದ ಉರಿಯೂತ) ರೋಗಿಯೊಬ್ಬರ ಹೊಟ್ಟೆಯ ಬಲ ಕೆಳಭಾಗದಲ್ಲಿ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ಸಣ್ಣ ಕರುಳಿನ ಕೊನೆಯ ಭಾಗವನ್ನು ಹುಡುಕುತ್ತಿದ್ದೆ. ಸೊಂಟದ ಸೋವಾಸ್ ಸ್ನಾಯು, ಕಾಲಿನತ್ತ ಸಾಗುವ ಇಲಿಯಾಕ್ ರಕ್ತನಾಳಗಳ ಮೇಲೆ ಅಡ್ಡ ಹಾಯುವ ಕೊಳವೆ ಸಿಕ್ಕಿತು. ಗೋಡೆ 6 ಮಿಲಿಮೀಟರ್ ದಪ್ಪವಿತ್ತು; 3 ದಾಟಿದರೇ ಅನುಮಾನ. ಆದರೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದರೆ ಒಂದು ಚುಕ್ಕೆಯೂ ಇಲ್ಲ. ಉರಿಯೂತವಿದ್ದರೆ ಹರಿವು ಹೆಚ್ಚಿರಬೇಕು; ಹಾಗಾಗಿ ಅದು ಆರಿದೆ ಎಂದು ಬರೆಯಲು ಹೊರಟಿದ್ದೆ. ಪಕ್ಕದಲ್ಲಿದ್ದ ಹಿರಿಯರು ನನ್ನ ಮಣಿಕಟ್ಟನ್ನು ಮೆಲ್ಲನೆ ಮೇಲೆತ್ತಿದರು. ಗೋಡೆಯ ಉದ್ದಕ್ಕೂ ಕೆಂಪು, ನೀಲಿ ಮಿನುಗತೊಡಗಿತು. ಅಷ್ಟು ಹೊತ್ತೂ ರಕ್ತವನ್ನು ತಡೆದಿದ್ದು ನನ್ನ ಕೈಯೇ.

ಇಲ್ಲಿನ ತೊಡಕೇ ಇದು. ಗಾಳಿಯನ್ನು ಬದಿಗೆ ಸರಿಸಿ ಕರುಳನ್ನು ಕಾಣಲು ಒತ್ತಲೇಬೇಕು. ಬಣ್ಣ ಕಾಣಲು ಒತ್ತಡ ಬಿಡಬೇಕು. ಗೋಡೆಯೊಳಗಿನ ನಾಳಗಳು ಅಷ್ಟು ಸಣ್ಣವು, ಹರಿವೂ ನಿಧಾನ. ಆದ್ದರಿಂದ ವೇಗದ ಸ್ಕೇಲನ್ನು (ಯಂತ್ರ ಬಣ್ಣದಲ್ಲಿ ತೋರಿಸುವ ವೇಗದ ಮಿತಿ) ಸೆಕೆಂಡಿಗೆ 5 ಸೆಂಟಿಮೀಟರ್ ಆಸುಪಾಸಿಗೆ ಇಳಿಸಿ, ನಿಧಾನದ ಚಲನೆಯನ್ನು ಅಳಿಸುವ ವಾಲ್ ಫಿಲ್ಟರನ್ನೂ ತಗ್ಗಿಸಿ. ಸಂಕೇತವನ್ನು ಹಿಗ್ಗಿಸುವ ಗೇನ್ ಏರಿಸುತ್ತಾ ಹೋಗಿ, ಕಾಳು ಚೆಲ್ಲಿದಂತೆ ಬಣ್ಣ ಬಂದೊಡನೆ ಒಂದು ಹೆಜ್ಜೆ ಹಿಂದೆ ಬನ್ನಿ. ಕೆಳಗಿನ ಇಲಿಯಾಕ್ ಅಪಧಮನಿಯ ಮಿಡಿತವೂ, ಕರುಳಿನ ಚಲನೆಯೂ ಸುಳ್ಳು ಬಣ್ಣ ಬಳಿಯುತ್ತವೆ. ನಿಜವಾದ ನಾಳ ಅದೇ ಜಾಗದಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಕಂಡದ್ದನ್ನು ದಾಖಲಿಸಲು ಲಿಂಬರ್ಗ್ ಅಂಕವಿದೆ. ಸಹಜ ಗೋಡೆಗೆ 0. ದಪ್ಪವಾಗಿದ್ದೂ ಬಣ್ಣವಿಲ್ಲದಿದ್ದರೆ 1. ಅಲ್ಲಲ್ಲಿ ಚುಕ್ಕೆಗಳಿದ್ದರೆ 2. ಉದ್ದನೆಯ ಎಳೆಗಳಿದ್ದರೆ 3. ಎಳೆಗಳು ಗೋಡೆ ದಾಟಿ ಮೆಸೆಂಟರಿಗೆ (ಕರುಳನ್ನು ಹಿಡಿದಿಡುವ ಪೊರೆ) ಹಬ್ಬಿದ್ದರೆ 4. ಆ 1 ಎಂಬ ಅಂಕದ ಬಗ್ಗೆ ನನಗೆ ಸದಾ ಗುಮಾನಿ. ಕರುಳು ಆಳದಲ್ಲಿದ್ದರೆ ಡಾಪ್ಲರ್ ಕುರುಡಾಗುತ್ತದೆ. ಅಂಥಲ್ಲಿ ರಕ್ತನಾಳದೊಳಗೇ ಉಳಿಯುವ ಸೂಕ್ಷ್ಮ ಗುಳ್ಳೆಗಳ ಕಾಂಟ್ರಾಸ್ಟ್ (ಹರಿವನ್ನು ಎದ್ದು ಕಾಣಿಸಲು ಚುಚ್ಚಿ ಕೊಡುವ ದ್ರವ) ನೆರವಾಗುತ್ತದೆ. ಇನ್ನೊಂದು ಮಾತು: ನಮ್ಮ ದೇಶದಲ್ಲಿ ಇದೇ ಜಾಗದಲ್ಲಿ ಕ್ಷಯವೂ ಗೋಡೆಯನ್ನು ದಪ್ಪ ಮಾಡುತ್ತದೆ. ಬಣ್ಣ ಉರಿಯೂತವನ್ನು ತೋರಿಸುತ್ತದೆ, ರೋಗದ ಹೆಸರನ್ನಲ್ಲ.

ಇನ್ನು ಕರುಳಿಗೆ ರಕ್ತ ಒಯ್ಯುವ ಸುಪೀರಿಯರ್ ಮೆಸೆಂಟರಿಕ್ ಅಪಧಮನಿ. ಖಾಲಿ ಹೊಟ್ಟೆಯಲ್ಲಿ ಇದರ ಅಲೆ (ಡಾಪ್ಲರ್ ಬಿಡಿಸುವ ಹರಿವಿನ ವೇಗದ ಗೆರೆ) ಚೂಪಾಗಿ ಏರಿ, ಡಯಾಸ್ಟೋಲ್ ಹೊತ್ತಿಗೆ, ಅಂದರೆ ಹೃದಯ ಸಡಿಲಗೊಳ್ಳುವಾಗ, ತಳ ಹಿಡಿಯುತ್ತದೆ. ಗರಿಷ್ಠ ವೇಗ ಸೆಕೆಂಡಿಗೆ 120 ಸೆಂಟಿಮೀಟರ್, ಡಯಾಸ್ಟೋಲ್ ಕೊನೆಯ ವೇಗ 15 ಎಂದುಕೊಳ್ಳಿ: 120ರಿಂದ 15 ಕಳೆದು 120ರಿಂದ ಭಾಗಿಸಿದರೆ ರೆಸಿಸ್ಟಿವ್ ಇಂಡೆಕ್ಸ್ (ಹರಿವಿಗಿರುವ ತಡೆಯ ಅಳತೆ) ಸುಮಾರು 0.88. ಉರಿಯೂತ ಕೆರಳಿದಾಗ ಕರುಳಿನ ಸಣ್ಣ ನಾಳಗಳು ಹಿಗ್ಗುತ್ತವೆ, ತಡೆ ಕುಗ್ಗುತ್ತದೆ, ಡಯಾಸ್ಟೋಲ್ ಹರಿವು ಮೇಲೇಳುತ್ತದೆ. ಅದೇ ಅಂಕಿಗಳು 160, 48 ಆದರೆ ಇಂಡೆಕ್ಸ್ 0.70.

ಆದರೆ ಊಟವಾದ ಮೇಲೆ ಆರೋಗ್ಯವಂತರಲ್ಲೂ ಅಲೆ ಹೀಗೆಯೇ ಬದಲಾಗುತ್ತದೆ. ಹೀಗಾಗಿ ಪ್ರೋಬ್ ಹಿಡಿಯುವ ಮೊದಲು, ಬರುವಾಗ ತಿಂಡಿ ತಿಂದಿರಾ ಎಂದು ಕೇಳಿ. "ಇಲ್ಲ, ಎರಡೇ ಇಡ್ಲಿ" ಎನ್ನುವವರು ಇದ್ದೇ ಇರುತ್ತಾರೆ.