ರಿಸ್ಕ್ ಲೆಕ್ಕ ಹಾಕೋವಾಗ ಯಾರ ತೂಕ ಹಿಡೀತೀರ?

ಮುಂಬೈ ಹತ್ರದ ಡೊಂಬಿವ್ಲಿಯಲ್ಲಿ ನಮ್ಮನೆ ಎಂಐಡಿಸಿಯಿಂದ, ಅಂದ್ರೆ ಫ್ಯಾಕ್ಟರಿಗಳಿರೋ ಕೈಗಾರಿಕಾ ಪ್ರದೇಶದಿಂದ, ಹೆಚ್ಚು ದೂರ ಏನಿಲ್ಲ, ಕೆಲವು ರಾತ್ರಿ ಘಾಟು ಬಂದ್ರೆ ಅಮ್ಮ ಎದ್ದು ಕಿಟಕಿ ಹಾಕ್ತಾರೆ, ವಾಸನೆ ಹೋದ್ಮೇಲೆ ತೆಗೀತಾರೆ. ಕೆಮಿಕಲ್‌ಗಳ ರಿಸ್ಕ್ ಲೆಕ್ಕ ಹಾಕೋದರ ಬಗ್ಗೆ ಇರೋ ಚಾಪ್ಟರ್ ಓದೋ ತನಕ ನಾನೂ ಮೂಗನ್ನೇ ನಂಬ್ಕೊಂಡಿದ್ದೆ. ಆದ್ರೆ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆನೇ ಇಲ್ಲ, ಕೊಳೆತ ಮೊಟ್ಟೆ ಥರ ನಾರೋ ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಬಂದ್ರೆ ಮೂಗನ್ನೇ ಮರಗಟ್ಟಿಸಿಬಿಡುತ್ತೆ, ಅಂದ್ರೆ ವಾಸನೆ ನಿಂತಿದ್ದು ಗ್ಯಾಸ್ ಹೋಗಿದ್ದಕ್ಕೇ ಆಗಿರ್ಬೇಕು ಅಂತಿಲ್ಲ.

ಹಝಾರ್ಡ್ ಬೇರೆ, ರಿಸ್ಕ್ ಬೇರೆ. ಡ್ರಮ್ಮಲ್ಲಿ ಸೀಲ್ ಆಗಿರೋ ಬೆಂಜೀನ್‌ಗೂ ಕ್ಯಾನ್ಸರ್ ತರೋ ಗುಣ ಇದ್ದೇ ಇದೆ, ಅದು ಹಝಾರ್ಡ್. ಅದು ಯಾರ ಮೈಯೊಳಗೆ ಎಷ್ಟು, ಎಷ್ಟು ದಿನ ಹೋಗುತ್ತೆ ಅನ್ನೋದು ಸೇರಿದ್ರೇನೇ ರಿಸ್ಕ್. 1983ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಕೊಟ್ಟ ನಾಲ್ಕು ಹೆಜ್ಜೆ ಇವು: ಏನು ಹಾನಿ, ಎಷ್ಟು ಡೋಸ್‌ಗೆ ಎಷ್ಟು ಹಾನಿ, ಯಾರಿಗೆ ಎಷ್ಟು ತಗಲುತ್ತೆ, ಎಲ್ಲ ಕೂಡಿಸಿದ್ರೆ ಒಟ್ಟು ರಿಸ್ಕ್ ಎಷ್ಟು. ಮೂರನೇದನ್ನ ಮಾತ್ರ ಅವಸರದಲ್ಲಿ ದಾಟ್ಬೇಡಿ.

ಒಂದು ಲೆಕ್ಕ ಮಾಡೋಣ, ಅಂಕಿ ನಾನೇ ಹಾಕಿದ್ದು. ಪ್ರಾಣಿಗಳ ಟೆಸ್ಟಲ್ಲಿ ಕೆಜಿ ತೂಕಕ್ಕೆ ದಿನಕ್ಕೆ 10 ಮಿಗ್ರಾಂ ತನಕ ಹಾನಿ ಕಾಣ್ಲಿಲ್ಲ ಅನ್ಕೊಳ್ಳಿ. ಪ್ರಾಣಿಯಿಂದ ಮನುಷ್ಯಂಗೆ ಬರೋವಾಗ ಒಂದು 10, ಎಲ್ಲರ ಮೈ ಒಂದೇ ಥರ ಇರಲ್ಲ ಅಂತ ಇನ್ನೊಂದು 10, ಒಟ್ಟು 100ರಿಂದ ಭಾಗಿಸಿದ್ರೆ ಮಿತಿ ಕೆಜಿಗೆ ದಿನಕ್ಕೆ 0.1 ಮಿಗ್ರಾಂ. ಈಗ ಬೋರ್‌ವೆಲ್ ನೀರಲ್ಲಿ ಲೀಟರ್‌ಗೆ 2 ಮಿಗ್ರಾಂ ಇದೆ. 50 ಕೆಜಿ ತೂಕದ ಹೆಂಗಸು ದಿನಕ್ಕೆ 2 ಲೀಟರ್ ಕುಡಿದ್ರೆ ಕೆಜಿಗೆ 0.08, ಮಿತಿಯೊಳಗೇ ಇದೆ. 10 ಕೆಜಿ ಮಗು 1 ಲೀಟರ್ ಕುಡಿದ್ರೆ 0.2, ಮಿತಿಯ ಎರಡು ಪಟ್ಟು! ಅದೇ ನೀರು, ಅದೇ ಕೊಡ. ಇದನ್ನ ಬಿಡಿಸಿದ ದಿನ ನಂಗೆ ಅಕ್ಕನ ಮಗು ಕಣ್ಮುಂದೆ ಬಂತು, ಆಮೇಲೆ ಓದೋಕೇ ಆಗ್ಲಿಲ್ಲ.

ಬೆಂಜೀನ್‌ಗೆ ಈ ಸೂತ್ರ ಹಾಕ್ಬೇಡಿ, ಅದಕ್ಕೆ ಇಷ್ಟರ ಕೆಳಗೆ ಪೂರ್ತಿ ಸೇಫ್ ಅನ್ನೋ ಗೆರೆ ಇಲ್ಲ. ಹಾಗೇ ಫ್ಯಾಕ್ಟರಿಯೊಳಗಿನ 8 ಗಂಟೆ ಶಿಫ್ಟ್‌ನ ಮಿತಿಯನ್ನ ಪಕ್ಕದ ವಠಾರಕ್ಕೆ ತಂದು ಹಾಕೋದೂ ತಪ್ಪು, ಅಲ್ಲಿ ಮುದುಕರು, ಬಸುರಿಯರು 24 ಗಂಟೆನೂ ಇರ್ತಾರೆ.

ಆಕ್ಸಿಡೆಂಟ್ ಲೆಕ್ಕ ಬೇರೆ. ಎಷ್ಟು ಟನ್ ಸ್ಟಾಕ್ ಇದೆ, ಗ್ಯಾಸ್ ಗಾಳಿಗಿಂತ ಭಾರನಾ, ಗಾಳಿ ಯಾವ ಕಡೆ ಅಂತ ನೋಡ್ಬೇಕು. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೋಸಯನೇಟ್ ಗಾಳಿಗಿಂತ ಭಾರ, ಮೇಲೆ ಹೋಗದೆ ಗುಡಿಸಲುಗಳಲ್ಲಿ ಮಲಗಿದ್ದವರ ಮಟ್ಟದಲ್ಲೇ ಹರಡ್ತು. ಚಳಿಗಾಲದ ರಾತ್ರಿ ನೆಲದ ಹತ್ರದ ತಣ್ಣನೆ ಗಾಳಿ ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕಿದಂಗೆ ನಿಲ್ಲುತ್ತೆ, ಹೊಗೆ ಮೇಲೇಳಲ್ಲ. ಅಮ್ಮ ಕಿಟಕಿ ಹಾಕೋ ರಾತ್ರಿಗಳೂ ಹೆಚ್ಚಾಗಿ ಆಗಿನವೇ, ಘಾಟು ಇರೋ ಒಂದೆರಡು ಗಂಟೆ 24 ಗಂಟೆ ಸರಾಸರಿಯಲ್ಲಿ ಕರಗಿಹೋಗುತ್ತೆ, ಅದಕ್ಕೇ ಗಾಳಿ ಅಳತೆಯ ರಿಪೋರ್ಟ್ ಸಿಕ್ಕಿದ್ರೆ ಗಂಟೆಗಂಟೆಯ ಅಂಕಿ ಇದೆಯಾ ಅಂತ ಮೊದಲು ಹುಡುಕ್ತೀನಿ.