ಕೇಸ್ ಮ್ಯಾನೇಜ್‌ಮೆಂಟ್ ಅಂದರೇನು? ಹಳ್ಳಿಯಲ್ಲಿ ಅದು ಯಾಕೆ ಕಷ್ಟ?

ಸಮಾಜ ಕಾರ್ಯ ಓದಿದವರ ಮಾತಿನಲ್ಲಿ ‘ಕೇಸ್ ಮ್ಯಾನೇಜ್‌ಮೆಂಟ್’ ಆಗಾಗ ಬರುತ್ತದೆ. ಕೋರ್ಟು ಕೇಸಿಗೂ ಇದಕ್ಕೂ ಸಂಬಂಧವಿಲ್ಲ. ಕಷ್ಟದಲ್ಲಿರುವವರ ಜೊತೆ ಕೂತು ಅವರಿಗೆ ಏನು ಬೇಕೆಂದು ಕೇಳುವುದು, ಅದು ಎಲ್ಲಿ ಸಿಗುತ್ತದೋ ಅಲ್ಲಿಂದ ಕೊಡಿಸುವುದು, ಕೊಡಿಸಿದ ಮೇಲೂ ಆಗಾಗ ಹೋಗಿ ವಿಚಾರಿಸುವುದು. ಇಷ್ಟೆಲ್ಲಕ್ಕೂ ಒಬ್ಬರೇ ಹೊಣೆಯಾಗಿರಬೇಕು. ಈ ಕೊನೆಯ ಮಾತೇ ಮುಖ್ಯ.

ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಆದ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಹಳ್ಳಿಯ ಮಗುವೊಂದನ್ನು ಊಹಿಸಿಕೊಳ್ಳಿ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಸರ್ಕಾರಿ ಆಸ್ಪತ್ರೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ. ಮಾಸಾಶನಕ್ಕೆ ನಾಡಕಚೇರಿ. ಮನೆಗೇ ಬಂದು ಕಲಿಸುವ ಶಿಕ್ಷಕರು ಬೇಕಾದರೆ ಶಿಕ್ಷಣ ಇಲಾಖೆ. ವೀಲ್‌ಚೇರಿಗೆ ವಿಕಲಚೇತನರ ಇಲಾಖೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಶೇ 40ಕ್ಕೆ ಕಡಿಮೆಯಿಲ್ಲದಿದ್ದರೆ ಹಲವು ಸೌಲಭ್ಯಗಳೂ ಇವೆ. ಆದರೆ ಈ ಕಚೇರಿಗಳು ಒಂದನ್ನೊಂದು ಕೇಳಿ ಕೆಲಸ ಮಾಡುವುದಿಲ್ಲ. ನಡುವೆ ಓಡಾಡುವವಳು ಮಗುವಿನ ತಾಯಿ. ತಾಲ್ಲೂಕು ಆಸ್ಪತ್ರೆಗೆ ಹೋದ ದಿನ ಅವಳ ಕೂಲಿ ಹೋಯಿತು. ಅಷ್ಟು ಮಾಡಿ ಹೋದರೂ ಡಾಕ್ಟರ್ ಅವತ್ತು ಕ್ಯಾಂಪಿಗೆ ಹೋಗಿದ್ದರೆ ಇನ್ನೊಂದು ದಿನದ ಕೂಲಿಯೂ ಹೋಯಿತು, ಅಲ್ವಾ?

ಕರ್ನಾಟಕದಲ್ಲಿ ಇದಕ್ಕೆಂದೇ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಊರಲ್ಲಿ ‘ವಿಆರ್‌ಡಬ್ಲ್ಯೂ’ ಅಂದರೆ ಬೇಗ ಗೊತ್ತಾಗುತ್ತದೆ. ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇವರಲ್ಲಿ ಅನೇಕರು ಸ್ವತಃ ಅಂಗವಿಕಲರು, ದುಡಿಯುವುದು ಗೌರವಧನಕ್ಕೆ. ಒಂದು ಪಂಚಾಯಿತಿಗೆ ಹಲವು ಹಳ್ಳಿಗಳು. ಬಸ್ಸು ಬಾರದ ಹಳ್ಳಿಗೆ ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡು ಹೋಗಿಬರುವುದು ಹೇಗೆ ಎಂಬುದನ್ನು ಯೋಜನೆ ಬರೆಯುವಾಗ ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

ದೂರಕ್ಕಿಂತ ಹತ್ತಿರವೇ ಜಾಸ್ತಿ ತೊಡಕು ಅನ್ನಿಸುವುದೂ ಉಂಟು. ಪಟ್ಟಣದಲ್ಲಿ ಕಾರ್ಯಕರ್ತೆ ಯಾರ ಮನೆಗೆ ಹೋದಳೆಂದು ಯಾರೂ ನೋಡುವುದಿಲ್ಲ. ಹಳ್ಳಿಯಲ್ಲಿ ಅವಳು ಮಾನಸಿಕ ಕಾಯಿಲೆ ಇರುವವರ ಮನೆ ಬಾಗಿಲಲ್ಲಿ ನಿಂತರೆ ಸಂಜೆಯೊಳಗೆ ಇಡೀ ಕೇರಿಗೆ ಸುದ್ದಿ. ಮದುವೆ ವಯಸ್ಸಿಗೆ ಬಂದ ತಂಗಿ ಇದ್ದಾಳೆ ಅಂತ ಮನೆಯವರು ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಕಾರ್ಯಕರ್ತೆಯೂ ಅದೇ ಊರಿನವಳು. ಒಬ್ಬರಿಗೆ ಅತ್ತೆ, ಇನ್ನೊಬ್ಬರಿಗೆ ನಾದಿನಿ. ಕೆಲವು ಮನೆಗಳಲ್ಲಿ ಜಾತಿ ನೋಡಿ ಒಳಗೇ ಕರೆಯುವುದಿಲ್ಲ. ಜಗಲಿಯಲ್ಲಿ, ನಾಲ್ಕು ಜನರ ಎದುರು, ಯಾರು ತಾನೇ ಗುಟ್ಟು ಹೇಳಿಕೊಳ್ಳುತ್ತಾರೆ?

ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವ ಕುಟುಂಬಗಳದ್ದು ಇನ್ನೊಂದು ಕತೆ. ಜನ ಹೋಗುತ್ತಾರೆ, ಫೈಲು ಊರಲ್ಲೇ ಉಳಿಯುತ್ತದೆ.

ಇಷ್ಟರ ನಡುವೆ ಕಾರ್ಯಕರ್ತರ ಕೆಲಸ ಬರೀ ಅರ್ಜಿ ತುಂಬಿಸುವುದಕ್ಕೆ ಇಳಿದುಬಿಡುವ ಅಪಾಯವಿದೆ. ಅರ್ಜಿಯನ್ನು ಸುಲಭವಾಗಿ ಎಣಿಸಬಹುದು. ವೀಲ್‌ಚೇರ್ ಕೊಟ್ಟು ಫೋಟೊ ತೆಗೆದರೆ ಕೇಸು ಮುಗಿಯಿತು ಅಂತ ಬರೆದುಕೊಳ್ಳಬಹುದು. ಅದು ಮನೆಯ ಹೊಸಿಲು ದಾಟುತ್ತದೆಯೇ, ಎರಡು ವರ್ಷಕ್ಕೆ ಬೆಳೆದ ಮಗುವಿಗೆ ಸಣ್ಣದಾಯಿತೇ, ಫಿಸಿಯೋಥೆರಪಿ ಯಾಕೆ ನಿಂತಿತು, ಇವನ್ನೆಲ್ಲ ಮತ್ತೆ ಹೋಗಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಹಾಗೆ ಹೋಗಿ ನೋಡುವುದೇ ಕೇಸ್ ಮ್ಯಾನೇಜ್‌ಮೆಂಟ್. ಉಳಿದದ್ದನ್ನು ಸೈಬರ್ ಸೆಂಟರಿನವರೂ ಮಾಡಿಕೊಡುತ್ತಾರೆ.