ಕ್ಲಾರೆಂಡನ್ ಯಾರ ಸೊತ್ತು?

ಹಳೆ ಕೌಬಾಯ್ ಸಿನಿಮಾಗಳಲ್ಲಿ ಕಳ್ಳನ ಚಿತ್ರದ ಮೇಲೆ ದಪ್ಪಗೆ ‘ವಾಂಟೆಡ್’ ಅಂತ ಇರುತ್ತದೆ, ಅಲ್ವಾ? ಆ ಅಕ್ಷರದ ಕುಲದ ಹೆಸರು ಸ್ಲ್ಯಾಬ್ ಸೆರಿಫ್. ಇಂಗ್ಲಿಷ್ ಅಕ್ಷರಗಳ ತುದಿಯಲ್ಲಿರುವ ಸಣ್ಣ ಗೆರೆಯೇ ಸೆರಿಫ್. ಅದನ್ನು ಹಲಗೆಯ ಹಾಗೆ ದಪ್ಪ ಮಾಡಿದರೆ ಸ್ಲ್ಯಾಬ್. ಈಗ ಇಂಥ ಫಾಂಟುಗಳು ಹತ್ತಾರು ಹೆಸರಲ್ಲಿ, ನೋಡೋಕೆ ಹೆಚ್ಚುಕಡಿಮೆ ಒಂದೇ ಥರ ಸಿಗುತ್ತವೆ. ಇದು ಕಳ್ಳತನವೋ ಅಲ್ಲವೋ ಅನ್ನುವ ಜಗಳ ಇವತ್ತಿನದಲ್ಲ, ‘ಕ್ಲಾರೆಂಡನ್’ ಅನ್ನುವ ಹಳೆ ಸ್ಲ್ಯಾಬ್ ಅಕ್ಷರದ ಕತೆ ನೋಡಿ.

ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ 1815ರ ಆಸುಪಾಸಿನಲ್ಲಿ ಇಂಥ ಅಕ್ಷರದ ಮೊಳೆಗಳನ್ನು, ಅಂದರೆ ಮುದ್ರಣಕ್ಕೆ ಬಳಸುವ ಲೋಹದ ಅಕ್ಷರಗಳನ್ನು, ಮಾರಿದ. ಅವನಿಟ್ಟ ಹೆಸರು ‘ಆಂಟಿಕ್’. ನೆಪೋಲಿಯನ್ ದಂಡೆತ್ತಿ ಹೋದ ಮೇಲೆ ಯುರೋಪಿಗೆ ಈಜಿಪ್ಟಿನ ಹುಚ್ಚು ಹಿಡಿದಿತ್ತು. ಹಾಗಾಗಿ ಉಳಿದವರು ‘ಈಜಿಪ್ಷಿಯನ್’ ಅಂದರು. ಈಜಿಪ್ಟಿಗೂ ಇದಕ್ಕೂ ಏನೂ ಸಂಬಂಧವಿಲ್ಲ.

ಗೋಜಲು ಶುರುವಾಗಿದ್ದು 1845ರಲ್ಲಿ. ಲಂಡನ್ನಿನಲ್ಲಿ ಮೊಳೆ ಎರಕ ಹೊಯ್ಯುತ್ತಿದ್ದ ಫ್ಯಾನ್ ಸ್ಟ್ರೀಟ್ ಫೌಂಡ್ರಿಯ ರಾಬರ್ಟ್ ಬೆಸ್ಲಿ ‘ಕ್ಲಾರೆಂಡನ್’ ತಂದರು. ಅದರ ಅಚ್ಚು ಕೊರೆದವರು ಬೆಂಜಮಿನ್ ಫಾಕ್ಸ್. ಹಲಗೆಯಂಥ ತುದಿ ಅಕ್ಷರದ ನೆಟ್ಟಗಿನ ಗೆರೆಗೆ ಸೇರುವ ಕಡೆ ಮೂಲೆಯ ಬದಲು ಮೆತ್ತಗಿನ ತಿರುವು. ದಪ್ಪವಿದ್ದರೂ ಒರಟಲ್ಲ. ಪೋಸ್ಟರಿನಲ್ಲಷ್ಟೇ ಅಲ್ಲ, ಮಾಮೂಲಿ ಸಾಲಿನ ನಡುವೆ ಒಂದು ಪದ ಎದ್ದು ಕಾಣಬೇಕಾದರೂ ಇದು ಒದಗಿತು.

ಬೆಸ್ಲಿ ಇದನ್ನು ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರು. ಸಿಕ್ಕ ರಕ್ಷಣೆ ಬರೀ ಮೂರು ವರ್ಷ! ಅಚ್ಚು ಕೊರೆಯುವ ಕೆಲಸ ನೆನೆಸಿಕೊಳ್ಳಿ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಉಲ್ಟಾ ಕೊರೆಯಬೇಕು. ಪ್ರತಿ ಅಕ್ಷರಕ್ಕೂ, ಪ್ರತಿ ಸೈಜಿಗೂ ಬೇರೆ ಬೇರೆ ಕಡ್ಡಿ. ನಕಲು ಮಾಡುವವರಿಗೆ ಈ ಪಾಡಿರಲಿಲ್ಲ. ಆ ಹೊತ್ತಿಗೆ ಬ್ಯಾಟರಿ ಬಂದಿತ್ತು. ಬೇರೆಯವರ ಮೊಳೆ ಕೊಂಡು, ತಾಮ್ರದ ದ್ರಾವಣದಲ್ಲಿಳಿಸಿ ಕರೆಂಟು ಹರಿಸಿದರೆ ಮೊಳೆಯ ಮೇಲೆ ತಾಮ್ರ ಕೂರುತ್ತದೆ. ಆ ಪದರ ಬಿಡಿಸಿದರೆ ಹೊಸ ಮೊಳೆ ಎರಕ ಹೊಯ್ಯುವ ಅಚ್ಚು ತಯಾರು. 1848ರಲ್ಲಿ ಗಡುವು ಮುಗಿದದ್ದೇ ತಡ, ಬೇರೆ ಫೌಂಡ್ರಿಗಳಿಂದಲೂ ಕ್ಲಾರೆಂಡನ್‌ಗಳು ಬಂದವು. ಕಾನೂನು ಮುರಿದವರು ಯಾರೂ ಇಲ್ಲ. ಆದರೂ ಸುಮ್ನೆ ಕೈಬೀಸಿ ಬಂದವರಿಗೆ ಊಟದ ಎಲೆ ಹಾಕಿದಂತಾಯಿತು. ಹಾಗಂತ ಬೆಸ್ಲಿ ಬೀದಿಗೇನೂ ಬೀಳಲಿಲ್ಲ, 1869ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದರು. ಅಷ್ಟೊಂದು ನಕಲು ಆಗದಿದ್ದರೆ ‘ಕ್ಲಾರೆಂಡನ್’ ಅನ್ನುವುದು ಮುದ್ರಕರ ಬಾಯಲ್ಲಿ ದಪ್ಪಕ್ಷರಕ್ಕೇ ಇನ್ನೊಂದು ಹೆಸರಾಗುತ್ತಲೂ ಇರಲಿಲ್ಲ.

ಆಮೇಲೆ ಅಮೆರಿಕದಲ್ಲಿ ಮರದ ಕ್ಲಾರೆಂಡನ್ ಮೊಳೆಗಳು, 1930ರ ದಶಕದಲ್ಲಿ ರಾಕ್‌ವೆಲ್ ಅನ್ನುವ ಸ್ಲ್ಯಾಬ್ ಅಕ್ಷರ, 1953ರಲ್ಲಿ ಸ್ವಿಟ್ಜರ್ಲೆಂಡಿನ ಹರ್ಮನ್ ಐಡೆನ್‌ಬೆಂಜ್ ಬರೆದ ಹೊಸ ಕ್ಲಾರೆಂಡನ್.

ಅಕ್ಷರದ ರೂಪಕ್ಕೆ ಕಾಪಿರೈಟ್ ಇಲ್ಲ ಅಂತ 1978ರಲ್ಲಿ ಅಮೆರಿಕದ ಕೋರ್ಟು ಹೇಳಿತು. ಕಂಪ್ಯೂಟರ್ ಬಂದ ಮೇಲೆ ಫಾಂಟ್ ಫೈಲಿಗೆ ಸಾಫ್ಟ್‌ವೇರ್ ಲೆಕ್ಕದಲ್ಲಿ ಅಲ್ಲಿ ರಕ್ಷಣೆ ಸಿಕ್ಕಿತು. ಅಂದರೆ ಫೈಲನ್ನು ಕದ್ದರೆ ತಪ್ಪು, ಅಕ್ಷರವನ್ನು ನೋಡಿಕೊಂಡು ಹೊಸದಾಗಿ ಬರೆದರೆ ಕಾಪಿರೈಟ್ ಮಟ್ಟಿಗೆ ತಪ್ಪಲ್ಲ. ಜರ್ಮನಿಯಂಥ ದೇಶಗಳಲ್ಲಿ ರೂಪಕ್ಕೂ ರಕ್ಷಣೆ ಉಂಟು.

ಗೂಗಲ್ ಫಾಂಟ್ಸ್‌ನಲ್ಲಿ ಈಗ ಕ್ಲಾರೆಂಡನ್ ಧಾಟಿಯದೇ ಒಂದು ಫಾಂಟ್ ಇದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ತಿದ್ದಿ ಹಂಚುವುದಕ್ಕೂ ಅಡ್ಡಿಯಿಲ್ಲ. ಹೆಸರು ‘ಬೆಸ್ಲಿ’.